ಚದುರಂಗದ ಮಣೆ ಮತ್ತು ಪರದೆಯಾಚೆಯ ಗುರು

ಯಶವಂತಪುರದಲ್ಲಿ ಸಂಜೆಯ ಹೊತ್ತು ತುಮಕೂರು ರಸ್ತೆಗೆ ಇಳಿದವರಿಗೆ ಅಲ್ಲಿಯ ವಾಹನಸಂದಣಿಯ ಪರಿಚಯವಿದ್ದೇ ಇರುತ್ತದೆ. ಶಾಲೆಯಿಂದ ದಣಿದು ಬಂದ ಮಗುವನ್ನು ಆ ಹೊತ್ತಿನಲ್ಲಿ ಬೇರೊಂದು ಬಡಾವಣೆಯ ತರಬೇತಿ ಕೇಂದ್ರಕ್ಕೆ ಕರೆದೊಯ್ಯುವುದು ಸುಲಭದ ಮಾತಲ್ಲ. ಆದುದರಿಂದ ನಮ್ಮ ಭಾಗದ ಕೆಲವು ಮನೆಗಳಲ್ಲಿ ಮಕ್ಕಳು ಮನೆಯಲ್ಲಿಯೇ ಕುಳಿತು, ಆನ್‌ಲೈನ್ ತರಬೇತುದಾರರಿಂದ ಚದುರಂಗ ಕಲಿಯುತ್ತಿದ್ದಾರೆ. 2024ರ ಡಿಸೆಂಬರಿನಲ್ಲಿ ಡಿ. ಗುಕೇಶ್ ತಮ್ಮ 18ನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಹೆತ್ತವರ ಆಸೆಯೂ ಬೆಳೆದಿದೆ. ಜೊತೆಗೆ ಎರಡು ಪ್ರಶ್ನೆಗಳೂ ಕೇಳಿಬರುತ್ತಿವೆ: ಈ ಆಟದಿಂದ ಮಕ್ಕಳ ಬುದ್ಧಿ ನಿಜವಾಗಿಯೂ ಬೆಳೆಯುತ್ತದೆಯೇ? ಪರದೆಯ ಮುಂದೆ ಕುಳಿತು ಆರೋಗ್ಯ ಕೆಡುವುದಿಲ್ಲವೇ?

ಚದುರಂಗ ನಮ್ಮ ನೆಲಕ್ಕೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯ ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವಂತಹ ಜಟಿಲ ಸಮಸ್ಯೆಗಳನ್ನು ಅವರು ಬಿಡಿಸಿದ್ದರು. ಅದೇ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರಿಗೆ ಮೂವತ್ತು ದಾಟಿತ್ತು. ಈ ವಿದ್ಯೆ ಎಷ್ಟು ತಾಳ್ಮೆಯನ್ನು ಬೇಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬುದ್ಧಿಯ ಪ್ರಶ್ನೆ

ಚದುರಂಗ ಕಲಿತರೆ ಗಣಿತದಲ್ಲಿ ಅಂಕಗಳು ಹೆಚ್ಚುತ್ತವೆ ಎಂಬ ಮಾತು ವ್ಯಾಪಕವಾಗಿದೆ. ಇಂಗ್ಲೆಂಡಿನ 100 ಶಾಲೆಗಳ ಒಂಬತ್ತು-ಹತ್ತು ವರ್ಷದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಅರ್ಧದಷ್ಟು ಶಾಲೆಗಳಲ್ಲಿ ಶಾಲಾ ಅವಧಿಯಲ್ಲೇ ಚದುರಂಗ ಕಲಿಸಿ, ಒಂದು ವರ್ಷದ ನಂತರ ಗಣಿತದ ಫಲಿತಾಂಶವನ್ನು ಹೋಲಿಸಲಾಯಿತು. 2016ರಲ್ಲಿ ಪ್ರಕಟವಾದ ವರದಿಯಂತೆ, ಚದುರಂಗ ಕಲಿತ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಆದ್ದರಿಂದ ಅಂಕಗಳ ಆಸೆಯಿಂದ ಮಗುವನ್ನು ಮಣೆಯ ಮುಂದೆ ಕೂರಿಸುವುದು ಸರಿಯಲ್ಲ.

ಹಾಗಾದರೆ ಈ ಆಟದಿಂದ ದೊರೆಯುವುದೇನು? ತನ್ನ ತಪ್ಪನ್ನು ತಾನೇ ನೋಡಿ, ಅದಕ್ಕೆ ಕಾರಣವನ್ನು ಹೇಳಬಲ್ಲ ಮನಃಸ್ಥಿತಿ ದೊರೆಯುತ್ತದೆ ಎಂಬುದು ನಮ್ಮ ಅನುಭವ. ಚದುರಂಗದಲ್ಲಿ ದಾಳ ಉರುಳುವುದಿಲ್ಲ, ಅದೃಷ್ಟವನ್ನು ದೂರಲು ಅವಕಾಶವಿಲ್ಲ. ಸೋಲು ಬಂದರೆ ಅದರ ಬೇರು ನಮ್ಮದೇ ಯಾವುದೋ ಒಂದು ನಡೆಯಲ್ಲಿರುತ್ತದೆ. ಈ ಸತ್ಯವನ್ನು ಮಗು ಹೇಗೆ ಸ್ವೀಕರಿಸುತ್ತದೆ ಎಂಬುದೇ ಮುಖ್ಯ.

ನಮ್ಮ ಮೊಮ್ಮಗನಿಗೆ ಹತ್ತು ವರ್ಷ. ಮೊದಲು ಇಪ್ಪತ್ತು ಮಕ್ಕಳಿದ್ದ ಒಂದು ಆನ್‌ಲೈನ್ ತರಗತಿಗೆ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿ ಸೇರಿಸಿದೆವು. ಅಲ್ಲಿ ಪಾಠ ಎಲ್ಲರಿಗೂ ಒಂದೇ. ಸೋತ ಸಂಜೆಗಳಲ್ಲಿ ಅವನು ಊಟವನ್ನೂ ಬಿಟ್ಟು, "ನಾನು ದಡ್ಡ, ತಾತ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದನು. ಆ ಮಾತು ನಮ್ಮನ್ನು ಬಹಳವಾಗಿ ನೋಯಿಸಿತು. ಕಟ್ಟಿದ ಹಣ ಹೋದರೆ ಹೋಗಲಿ ಎಂದು ಅದನ್ನು ಬಿಡಿಸಿ, ಅವನೊಬ್ಬನಿಗೇ ಕಲಿಸುವ ತರಬೇತುದಾರರನ್ನು ಹುಡುಕಿದೆವು.

ವೈಯಕ್ತಿಕ ಪಾಠ ನಡೆಯುವ ಬಗೆ

ಹೊಸ ಗುರುಗಳು ಮೊದಲ ದಿನ ಏನನ್ನೂ ಕಲಿಸಲಿಲ್ಲ. ಅವನು ಸೋತ ಹತ್ತು ಆಟಗಳ ದಾಖಲೆಯನ್ನು ಕೇಳಿ ಪಡೆದರು. ಆನ್‌ಲೈನ್‌ನಲ್ಲಿ ಆಡಿದ ಆಟದ ಪ್ರತಿಯೊಂದು ನಡೆಯೂ ದಾಖಲಾಗಿರುವುದರಿಂದ ಇದು ಸುಲಭ. ಎರಡನೆಯ ದಿನ ಪರದೆಯ ಮೇಲೆ ಒಂದೇ ಮಣೆಯನ್ನು ಇಬ್ಬರೂ ನೋಡುತ್ತಾ ಕುಳಿತರು. ಹತ್ತು ಸೋಲುಗಳಲ್ಲಿ ಆರು ಒಂದೇ ಬಗೆಯವೆಂದು ಅವರು ತೋರಿಸಿಕೊಟ್ಟರು. ಹುಡುಗನು ತನ್ನ ದಾಳಿಯನ್ನು ಮಾತ್ರ ಯೋಚಿಸುತ್ತಿದ್ದನು, ಎದುರಾಳಿಯ ಕೊನೆಯ ನಡೆಯ ಉದ್ದೇಶವನ್ನು ನೋಡುತ್ತಲೇ ಇರಲಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ರಾಜನು ಮಣೆಯ ಕೊನೆಯ ಸಾಲಿನಲ್ಲಿ, ತನ್ನದೇ ಮೂರು ಕಾಲಾಳುಗಳ ಹಿಂದೆ ಭದ್ರವಾಗಿ ನಿಂತಿದ್ದಾನೆ ಎಂದುಕೊಳ್ಳೋಣ. ಎದುರಾಳಿಯ ಆನೆಯು ಆ ಕೊನೆಯ ಸಾಲಿಗೆ ನುಗ್ಗಿದಾಗ, ಅದನ್ನು ತಡೆಯಲು ಬೇರೆ ಕಾಯಿ ಇಲ್ಲದಿದ್ದರೆ, ರಾಜನಿಗೆ ಮುಂದೆ ಸರಿಯಲು ತನ್ನ ಕಾಲಾಳುಗಳೇ ಅಡ್ಡಿಯಾಗುತ್ತವೆ. ಅಲ್ಲಿಗೆ ಆಟ ಮುಗಿಯಿತು. ಮೊದಲೇ ಒಂದು ಕಾಲಾಳನ್ನು ಒಂದು ಮನೆ ಮುಂದೆ ಸರಿಸಿದ್ದರೆ ರಾಜನಿಗೆ ಉಸಿರಾಡಲು ಕಿಟಕಿ ತೆರೆದಂತಾಗುತ್ತಿತ್ತು. ನಮ್ಮ ಹುಡುಗ ಮೂರು ಸಲ ಸೋತದ್ದು ಹೀಗೆಯೇ. ಗುರುಗಳು ಉತ್ತರವನ್ನು ಹೇಳಲಿಲ್ಲ. "ಈ ಆನೆ ಇಲ್ಲಿಗೆ ಏಕೆ ಬಂತು, ಹೇಳಪ್ಪ?" ಎಂದು ಕೇಳಿ ಸುಮ್ಮನೆ ಕಾದರು. ಹುಡುಗನು ತಾನೇ ಕಂಡುಕೊಂಡನು. ಅಂದು ಅವನು ದಡ್ಡನೆಂಬ ಮಾತನ್ನು ಆಡಲಿಲ್ಲ. "ತಾತ, ಕಿಟಕಿ ತೆಗೆಯೋದು ಮರೆತಿದ್ದೆ" ಎಂದನು. ಈ ಎರಡು ಮಾತುಗಳ ನಡುವಿನ ಅಂತರವೇ ಒಳ್ಳೆಯ ಗುರುವಿನ ಬೆಲೆ.

ಕಂಪ್ಯೂಟರು ಕೂಡ ತಪ್ಪು ನಡೆಯನ್ನು ಕ್ಷಣದಲ್ಲಿ ಗುರುತಿಸಿ ಸರಿಯಾದುದನ್ನು ತೋರಿಸಬಲ್ಲದು. ಆದರೆ ಮಗು ಹಾಗೇಕೆ ಯೋಚಿಸಿತು ಎಂದು ಅದು ಕೇಳುವುದಿಲ್ಲ. ಮೊದಲು ಮಗು ತನ್ನ ಆಟವನ್ನು ತಾನೇ ಪರಿಶೀಲಿಸಿ, ನಂತರ ಗುರುವಿನೊಡನೆ ಚರ್ಚಿಸಿ, ಕೊನೆಗೆ ಯಂತ್ರದ ಉತ್ತರ ನೋಡುವುದು ಸರಿಯಾದ ಕ್ರಮ.

ಮನೆಯವರ ಪಾತ್ರ

ವಿಶ್ವನಾಥನ್ ಆನಂದ್ ಅವರಿಗೆ ಆಟವನ್ನು ಕಲಿಸಿದವರು ಅವರ ತಾಯಿ. ಕುಟುಂಬವು ಫಿಲಿಪೀನ್ಸ್ ದೇಶದಲ್ಲಿದ್ದಾಗ ಅಲ್ಲಿಯ ದೂರದರ್ಶನದಲ್ಲಿ ಹಗಲು ಹೊತ್ತು ಚದುರಂಗದ ಕಾರ್ಯಕ್ರಮ ಬರುತ್ತಿತ್ತು. ಬಾಲಕ ಶಾಲೆಯಲ್ಲಿರುತ್ತಿದ್ದುದರಿಂದ ತಾಯಿಯೇ ಆ ಸಮಸ್ಯೆಗಳನ್ನು ಬರೆದಿಟ್ಟುಕೊಂಡು, ಸಂಜೆ ಮಗನೊಡನೆ ಕುಳಿತು ಬಿಡಿಸುತ್ತಿದ್ದರು. ಪರದೆಯಿಂದ ಬಂದ ಪಾಠವು ಮನೆಯ ಮಣೆಗೆ ಇಳಿದದ್ದು ಹೀಗೆ. ನಾವೂ ಇದನ್ನೇ ಅನುಸರಿಸುತ್ತಿದ್ದೇವೆ. ಪಾಠ ವಾರಕ್ಕೆ ಎರಡು ಸಲ, ಒಂದೊಂದು ಗಂಟೆ. ಅಭ್ಯಾಸವೆಲ್ಲ ಮರದ ಮಣೆಯ ಮೇಲೆ. ಈಗ ಮೊಮ್ಮಗನೇ ನಮಗೆ ಗುರು.

ವೃದ್ಧರಿಗೂ ಇದು ಹಿತಕರ. ನ್ಯೂಯಾರ್ಕ್ ನಗರದಲ್ಲಿ 75 ವರ್ಷ ದಾಟಿದ 469 ಜನರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು, ವಾದ್ಯ ನುಡಿಸುವಿಕೆ, ನೃತ್ಯ ಹಾಗೂ ಮಣೆಯ ಆಟಗಳಲ್ಲಿ ತೊಡಗಿದ್ದವರಲ್ಲಿ ಮರೆಗುಳಿತನ ಕಡಿಮೆ ಕಂಡುಬಂದಿತು. ಆಟವೇ ರೋಗವನ್ನು ತಡೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಮೊಮ್ಮಕ್ಕಳೊಡನೆ ಮುಕ್ಕಾಲು ಗಂಟೆ ಕುಳಿತು ಯೋಚಿಸುವುದರಿಂದ ನಷ್ಟವಂತೂ ಇಲ್ಲ.

ದೇಹದ ಎಚ್ಚರ

ಮನಸ್ಸಿಗೆ ವ್ಯಾಯಾಮವಾಯಿತೆಂದು ದೇಹವನ್ನು ಮರೆಯಬಾರದು. ಕೆಳಗಿನ ನಿಯಮಗಳನ್ನು ಪಾಲಿಸುವುದು ಒಳಿತು.

1. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡಬೇಕು. ಪಾಠಕ್ಕೆ ಮೊಬೈಲಿಗಿಂತ ದೊಡ್ಡ ಪರದೆ ಮೇಲು.

2. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಓಟ, ಆಮೇಲೆ ಚದುರಂಗ.

3. ಮೂರು ಅಥವಾ ಐದು ನಿಮಿಷಗಳ ವೇಗದ ಆಟಗಳು "ಇನ್ನೊಂದು, ಇನ್ನೊಂದು" ಎಂದು ಎಳೆಯುತ್ತವೆ. ಮಲಗುವ ಒಂದು ಗಂಟೆ ಮೊದಲೇ ಪರದೆಯನ್ನು ಮುಚ್ಚಬೇಕು. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆಗಳ ನಿದ್ರೆ ಅವಶ್ಯ.

4. ಪಾಠವು ಮನೆಯ ಹಜಾರದಲ್ಲಿ, ಹಿರಿಯರ ಕಣ್ಣಳತೆಯಲ್ಲಿ ನಡೆಯಲಿ.

ಗುರುವಿನ ಆಯ್ಕೆ

ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ಜಾಲತಾಣದಲ್ಲಿ ಆಟಗಾರರ ರೇಟಿಂಗ್ ಮತ್ತು ಬಿರುದುಗಳನ್ನು ಯಾರು ಬೇಕಾದರೂ ನೋಡಬಹುದು. ಆದರೆ ದೊಡ್ಡ ಆಟಗಾರರೆಲ್ಲರೂ ಒಳ್ಳೆಯ ಬೋಧಕರಾಗಿರುವುದಿಲ್ಲ. ಮೊದಲು ಒಂದು ಪ್ರಾಯೋಗಿಕ ಪಾಠವನ್ನು ಕೇಳಿ ಪಡೆಯಿರಿ, ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಗುರು ಹೆಚ್ಚು ಮಾತನಾಡಿದರೇ, ಮಗು ಹೆಚ್ಚು ಮಾತನಾಡಿತೇ ಎಂದು ಗಮನಿಸಿ. ಆರಂಭದ ಹಂತದಲ್ಲಿ ಕನ್ನಡದಲ್ಲಿಯೇ ವಿವರಿಸಬಲ್ಲವರಾದರೆ ಮಗು ಸಂಕೋಚವಿಲ್ಲದೆ ಉತ್ತರಿಸುತ್ತದೆ. ಶುಲ್ಕವನ್ನು ತಿಂಗಳಿಗೊಮ್ಮೆ ಕಟ್ಟಿ. ವರ್ಷದ್ದನ್ನು ಒಟ್ಟಿಗೆ ಕಟ್ಟಿ ನಾವು ಪಟ್ಟ ಪಾಡು ನಿಮಗೆ ಬೇಡ.

ಕಡೆಯದಾಗಿ, ಆಟ ಮುಗಿಸಿ ಬಂದ ಮಗುವನ್ನು "ಗೆದ್ದೆಯಾ, ಸೋತೆಯಾ?" ಎಂದು ಕೇಳುವ ರೂಢಿಯನ್ನು ಬಿಡೋಣ. "ಇವತ್ತು ಏನು ಕಂಡುಕೊಂಡೆ?" ಎಂದು ಕೇಳೋಣ. ಸೋತ ದಿನವೂ ಮಗು ನೆಮ್ಮದಿಯಾಗಿ ಉಂಡು ಮಲಗಿದರೆ, ಚದುರಂಗದ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.