ನಡುಮನೆಗೆ ಬಂದ ರಂಗದೀಪ

ಹಗಲಿನಲ್ಲಿ ಆ ಮನೆಗೆ ಗೋಡೆಗಳೇ ಇಲ್ಲವೆನ್ನಿಸುತ್ತಿತ್ತು. ಕತ್ತಲಾಯಿತೆಂದರೆ ನಾಲ್ಕೂ ಕಡೆ ಕಪ್ಪು ಕನ್ನಡಿಗಳು ಎದ್ದು ನಿಲ್ಲುತ್ತಿದ್ದವು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಕೇನನ್ ಎಂಬಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ 1949ರಲ್ಲಿ ತಮಗಾಗಿಯೇ ಕಟ್ಟಿಕೊಂಡ ಗಾಜಿನ ಮನೆ ಅದು. 56 ಅಡಿ ಉದ್ದ, 32 ಅಡಿ ಅಗಲ. ಸ್ನಾನದ ಕೋಣೆಯನ್ನು ಒಳಗಿಟ್ಟುಕೊಂಡ ಇಟ್ಟಿಗೆಯ ಗುಂಡನೆಯ ಗೋಪುರವೊಂದನ್ನು ಬಿಟ್ಟರೆ ಇಡೀ ಮನೆಯಲ್ಲಿ ಮರೆಯೆಂಬುದಿಲ್ಲ. ಹೊರಗೆ ಕತ್ತಲಿದ್ದು ಒಳಗೆ ದೀಪ ಉರಿದರೆ ಗಾಜು ಹೊರಗಿನದನ್ನು ತೋರಿಸುವುದನ್ನು ನಿಲ್ಲಿಸಿ, ಒಳಗೆ ಕೂತವರ ಮುಖವನ್ನೇ ಅವರಿಗೆ ತೋರಿಸತೊಡಗುತ್ತದೆ. ರಾತ್ರಿ ಬಸ್ಸಿನಲ್ಲಿ ಒಳದೀಪ ಹಾಕಿದಾಗ ಕಿಟಕಿಯಲ್ಲಿ ಆಗುವುದೂ ಇದೇ.

ಇದಕ್ಕೆ ಪರಿಹಾರ ಹುಡುಕಿದವರು ರಿಚರ್ಡ್ ಕೆಲ್ಲಿ ಎಂಬ ಬೆಳಕಿನ ವಿನ್ಯಾಸಕ. ಅವರು ಮನೆಯೊಳಗಿನ ದೀಪವನ್ನು ಹೆಚ್ಚಿಸಲಿಲ್ಲ, ತಗ್ಗಿಸಿದರು. ಹೊರಗಿನ ಮರಗಳ ಮೇಲೆ, ಹುಲ್ಲುಹಾಸಿನ ಮೇಲೆ ಬೆಳಕು ಚೆಲ್ಲಿದರು. ಗಾಜು ಮತ್ತೆ ಗಾಜಾಯಿತು. ದೂರದ ಮರಗಳು ರಂಗದ ಹಿಂಪರದೆಯಂತೆ ಹಿನ್ನೆಲೆಯಲ್ಲಿ ನಿಂತವು, ಮನೆಗೆ ರಾತ್ರಿಯಲ್ಲೂ ಆಳ ಬಂತು.

ಹೀಗೆ ಯೋಚಿಸುವುದನ್ನು ಕೆಲ್ಲಿ ಕಲಿತದ್ದರಲ್ಲಿ ರಂಗಭೂಮಿಯ ಪಾಲು ದೊಡ್ಡದು. ಅವರು ವಾಸ್ತುಶಿಲ್ಪ ಓದಿದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಗ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ರಂಗಬೆಳಕಿನ ಪಾಠ ಹೇಳುತ್ತಿದ್ದರು. ನಟನ ಮುಖಕ್ಕೆ ಎಡ ಬಲ ಎರಡೂ ಕಡೆಗಳಿಂದ, ಸುಮಾರು 45 ಡಿಗ್ರಿ ಎತ್ತರದಿಂದ, ಒಂದು ಬದಿಗೆ ಬೆಚ್ಚನೆಯ ಬಣ್ಣದ ಬೆಳಕು, ಇನ್ನೊಂದು ಬದಿಗೆ ತಂಪು ಬಣ್ಣದ ಬೆಳಕು ಬೀಳಬೇಕೆಂಬ ಕ್ರಮವನ್ನು 1932ರ ಪುಸ್ತಕದಲ್ಲಿ ಬರೆದಿಟ್ಟವರು ಅವರೇ. ಮುಖ ಚಪ್ಪಟೆಯಾಗಿ ಕಾಣದೆ ಮೂಗು, ಕೆನ್ನೆ, ಹುಬ್ಬುಗಳ ಏರಿಳಿತ ಪ್ರೇಕ್ಷಕನಿಗೆ ತಿಳಿಯಬೇಕೆಂಬುದು ಅದರ ಉದ್ದೇಶ. ಇಂದಿಗೂ ರಂಗಶಾಲೆಗಳಲ್ಲಿ ಬೆಳಕಿನ ಪಾಠ ಶುರುವಾಗುವುದು ಬಹುತೇಕ ಇಲ್ಲಿಂದಲೇ.

ಕೆಲ್ಲಿ ಬೆಳಕನ್ನು ಮೂರು ಬಗೆಯಾಗಿ ಕಂಡರು. ಮೊದಲನೆಯದು ನೆರಳೇ ಇಲ್ಲದೆ ಎಲ್ಲೆಡೆ ಹರಡಿಕೊಳ್ಳುವ ಬೆಳಕು. ಮಾಗಿಯಲ್ಲಿ ಮಡಿಕೇರಿಯ ಮಂಜಿನೊಳಗೆ ನಿಂತವರಿಗೆ ಅದರ ಪರಿಚಯವಿದೆ. ಎರಡನೆಯದು ಒಂದೇ ಜಾಗಕ್ಕೆ ಕಣ್ಣನ್ನು ಕರೆಯುವ ಬೆಳಕು. ಇದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ನಟನನ್ನು ಹಿಂಬಾಲಿಸುವ ಸ್ಪಾಟ್‌ಲೈಟೂ ಇತ್ತು, ಓದುವ ಕುರ್ಚಿಯ ಮೇಲೆ ಬಿದ್ದ ದೀಪದ ಬೆಳಕೂ ಇತ್ತು. ಮೂರನೆಯದು ಮಿನುಗು: ಕಾರಂಜಿಯ ಮೇಲಿನ ಬಿಸಿಲು, ಸಾಲು ಮೇಣದ ಬತ್ತಿ, ನಮ್ಮಲ್ಲಾದರೆ ದೀಪಾವಳಿಯ ಹಣತೆ. ಒಂದು ಕೋಣೆಯಲ್ಲಿ ಈ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಯಬೇಕು ಎಂಬುದು ಅವರ ನಿಲುವು. ಗೋಡೆಯ ತುದಿಗೆ ಒಂದು ಟ್ಯೂಬ್‌ಲೈಟ್, ಚಾವಣಿಯ ನಡುವೆ ಒಂದು ಬಲ್ಬು ಎಂಬ ಲೆಕ್ಕದಲ್ಲಿ ಬೆಳೆದ ಮನೆಗಳಲ್ಲಿ ಮೊದಲನೆಯದು ಮಾತ್ರ ಧಾರಾಳವಾಗಿದೆ. ಈಚಿನ ಫ್ಲ್ಯಾಟುಗಳ ಫಾಲ್ಸ್ ಸೀಲಿಂಗಿನಲ್ಲಿ ಎರಡಡಿಗೊಂದರಂತೆ ಕೂರಿಸುವ ಗುಂಡು ದೀಪಗಳೂ ಅದನ್ನೇ ಇನ್ನಷ್ಟು ಹೆಚ್ಚಿಸಿವೆ. ಬೆಳಕಿಗೆ ಕೊರತೆಯಿಲ್ಲ. ಎಲ್ಲಿ ನೋಡಬೇಕೆಂದು ಹೇಳುವ ಬೆಳಕು ಇಲ್ಲ.

ರಂಗದಿಂದ ಮನೆಗೆ ದೀಪ ಬಂದದ್ದು ಕೆಲ್ಲಿಯಿಂದಲೇ ಶುರುವಾದದ್ದೂ ಅಲ್ಲ. ಸ್ಪೇನಿನ ಗ್ರನಾಡದಲ್ಲಿ ಹುಟ್ಟಿ ಇಟಲಿಯ ವೆನಿಸ್‌ನಲ್ಲಿ ನೆಲೆಸಿದ ಮರಿಯಾನೊ ಫೋರ್ಚುನಿಯನ್ನು ಜಗತ್ತು ಹೆಚ್ಚಾಗಿ ನೆನೆಯುವುದು ನವಿರಾದ ನೆರಿಗೆಯ ರೇಷ್ಮೆ ಉಡುಪುಗಳಿಗಾಗಿ. ಆದರೆ ಅವರಿಗೆ ರಂಗಬೆಳಕಿನ ಹುಚ್ಚು ಅಷ್ಟೇ ಇತ್ತು. ವೇದಿಕೆಯ ಮೇಲೆ ನೇರವಾಗಿ ಬೀಳುವ ವಿದ್ಯುದ್ದೀಪ ಒರಟಾಗಿ ಕಾಣುತ್ತದೆ, ಅದನ್ನು ಬಟ್ಟೆಯ ಮೇಲೆ ಹಾಯಿಸಿ, ಅಲ್ಲಿಂದ ಚಿಮ್ಮಿದ ಬೆಳಕನ್ನು ಬಳಸಿದರೆ ಆಕಾಶವನ್ನೇ ಸೃಷ್ಟಿಸಬಹುದು ಎಂದು ಅವರು ಕಂಡುಕೊಂಡರು. 1907ರ ಹೊತ್ತಿಗೆ ಅದೇ ತತ್ವದ ಮೇಲೆ ಒಂದು ನಿಲುದೀಪ ತಯಾರಾಯಿತು. ಕ್ಯಾಮೆರಾ ಸ್ಟ್ಯಾಂಡಿನಂಥ ಮೂರು ಕಾಲು, ಮೇಲೆ ಮಗುಚಿದ ಛತ್ರಿಯಂಥ ದೊಡ್ಡ ಬಟ್ಟಲು, ಒಳಮೈ ಬಿಳಿ, ಹೊರಮೈ ಕಪ್ಪು. ಬಲ್ಬು ನೋಡುವುದು ಬಟ್ಟಲಿನ ಒಳಗನ್ನು. ಕೋಣೆಗೆ ಬರುವುದು ಮೆದುವಾದ ಪ್ರತಿಫಲನ ಮಾತ್ರ. ನೂರು ವರ್ಷ ದಾಟಿದ ಮೇಲೂ ಆ ದೀಪ ತಯಾರಾಗುತ್ತಿದೆ. ಫೋಟೋ ಸ್ಟುಡಿಯೋಗಳಲ್ಲಿ ಬಿಳಿ ಛತ್ರಿಗೆ ಫ್ಲಾಶ್ ಹೊಡೆಯುವವರು ಮಾಡುತ್ತಿರುವುದೂ ಫೋರ್ಚುನಿಯ ಕೆಲಸವನ್ನೇ.

ಹಾಗಿದ್ದರೂ ರಂಗದ ನಿಜವಾದ ಬಲ ಮನೆಗೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಆ ಬಲ ದೀಪದಲ್ಲಿಲ್ಲ, ದೀಪವನ್ನು ಮೆಲ್ಲನೆ ಏರಿಸಿ ಇಳಿಸುವುದರಲ್ಲಿದೆ. ಹಳೆಯ ರಂಗಮಂದಿರಗಳಲ್ಲಿ ಇದಕ್ಕಾಗಿ ರಿಯೋಸ್ಟಾಟ್ ಎಂಬ ಭಾರೀ ಸಾಧನಗಳಿದ್ದವು. ದೀಪಕ್ಕೆ ಹೋಗಬೇಕಾದ ವಿದ್ಯುತ್ತಿನ ಒಂದು ಪಾಲನ್ನು ಅವು ತಾವೇ ನುಂಗಿ ಶಾಖವಾಗಿ ಹೊರಹಾಕುತ್ತಿದ್ದವು. ನಮ್ಮ ಹಳೆಯ ಮನೆಗಳಲ್ಲಿದ್ದ ದಪ್ಪ ಪೆಟ್ಟಿಗೆಯ ಫ್ಯಾನ್ ರೆಗ್ಯುಲೇಟರ್ ಮುಟ್ಟಿದರೆ ಬಿಸಿಯಿರುತ್ತಿದ್ದುದೂ ಇದೇ ಕಾರಣಕ್ಕೆ. ಜೋಯಲ್ ಸ್ಪೈರಾ ಎಂಬ ಭೌತಶಾಸ್ತ್ರಜ್ಞ 1959ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಪ್ರಯೋಗ ಮಾಡುತ್ತಾ, ಅರೆವಾಹಕದ ಚೂರೊಂದನ್ನು ಬಳಸಿ ಮಾಮೂಲು ಸ್ವಿಚ್ ಪೆಟ್ಟಿಗೆಯೊಳಗೆ ಹಿಡಿಯುವ ಡಿಮ್ಮರ್ ರೂಪಿಸಿದರು. 1961ರಲ್ಲಿ ಲುಟ್ರಾನ್ ಕಂಪನಿ ಕಟ್ಟಿದರು. ಅವರ ಡಿಮ್ಮರ್ ವಿದ್ಯುತ್ತನ್ನು ನುಂಗುವುದಿಲ್ಲ, ಅದರ ಅಲೆಯ ಪ್ರತಿಯೊಂದು ಅರ್ಧದಲ್ಲೂ ಒಂದಿಷ್ಟು ಹೊತ್ತು ಬಾಗಿಲು ಮುಚ್ಚಿಬಿಡುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇದು ಸೆಕೆಂಡಿಗೆ 100 ಸಲ ನಡೆಯುವುದರಿಂದ ಕಣ್ಣಿಗೆ ಕಾಣುವುದು ಬೆಳಕು ತಗ್ಗಿದ್ದು ಮಾತ್ರ.

ಮನೆಗೆ ರಂಗದ ಒಂದೇ ಒಂದು ವಸ್ತು ತರಬೇಕೆಂದರೆ ಅದು ಡಿಮ್ಮರ್ ಆಗಿರಲಿ. ಊಟದ ಮೇಜಿಗೆ, ಓದಿಗೆ, ನೆಂಟರು ಬಂದಾಗ, ಮಗು ಮಲಗಿದಾಗ ಒಂದೇ ಕೋಣೆಗೆ ನಾಲ್ಕು ಮುಖ ಬರುತ್ತವೆ. ಬಲ್ಬಿನ ಪೆಟ್ಟಿಗೆಯ ಮೇಲೆ ಡಿಮ್ ಮಾಡಬಹುದು ಎಂದು ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು. ಎಲ್ಲ ಎಲ್‌ಇಡಿಗಳೂ ಇದಕ್ಕೆ ಒಗ್ಗುವುದಿಲ್ಲ, ಒಗ್ಗದವು ಮಿನುಕಾಡುತ್ತವೆ. ಫ್ಯಾನಿನ ರೆಗ್ಯುಲೇಟರನ್ನೇ ಬಲ್ಬಿಗೆ ಜೋಡಿಸುವ ಸಾಹಸ ಬೇಡ. ಇನ್ನೊಂದು ಸೂಕ್ಷ್ಮವಿದೆ. ಹಳೆಯ ತಂತಿಯ ಬಲ್ಬನ್ನು ತಗ್ಗಿಸಿದಂತೆ ಅದರ ಬಣ್ಣ ಕೆಂಡದ ಕಡೆಗೆ ವಾಲುತ್ತಿತ್ತು, ನಾಟಕದ ಸಂಜೆಗಳ ಸೊಬಗಿಗೆ ಅದೇ ಮೂಲ. ಸಾಮಾನ್ಯ ಎಲ್‌ಇಡಿ ತಗ್ಗಿದರೂ ಬಣ್ಣ ಬದಲಿಸುವುದಿಲ್ಲವಾದ್ದರಿಂದ ಕೋಣೆ ಬೆಚ್ಚಗಾಗುವ ಬದಲು ಬೂದಿ ಬಡಿದಂತೆ ಕಾಣುತ್ತದೆ. 2700 ಕೆಲ್ವಿನ್ ಬಣ್ಣದ ಬಲ್ಬು ಕೊಂಡರೆ, ಅಥವಾ ತಗ್ಗಿದಂತೆ ತಾನೇ ಬೆಚ್ಚಗಾಗುವ ವಾರ್ಮ್ ಡಿಮ್ ಎಂಬ ಬಗೆಯದನ್ನು ಕೊಂಡರೆ ಈ ತೊಂದರೆ ಬಹಳಷ್ಟು ಕಳೆಯುತ್ತದೆ.

ಉಳಿದ ಸಲಕರಣೆಗಳಲ್ಲಿ ಮನೆಗೆ ಒಗ್ಗುವುದು ಯಾವುದು? ರಂಗದಲ್ಲಿ ಎಲ್ಲರಿಗೂ ಪರಿಚಿತವಾದ ಪಾರ್ ಕ್ಯಾನ್ ಎಂದರೆ ಒಂದು ತಗಡಿನ ಕೊಳವೆ, ಒಳಗೊಂದು ದೊಡ್ಡ ದೀಪ. ಪಾರ್ 64ರ 64 ಎಂಬುದು ಇಂಚಿನ ಎಂಟನೇ ಒಂದು ಭಾಗಗಳ ಲೆಕ್ಕ, ಅಂದರೆ ದೀಪದ ಮುಖ 8 ಇಂಚು. ಸಾವಿರ ವ್ಯಾಟಿನ ಹ್ಯಾಲೊಜೆನ್ ಹಾಕಿ ಉರಿಸುವ ಆ ದೀಪಕ್ಕೆ ಹತ್ತಡಿ ಎತ್ತರದ ಕೋಣೆಯಲ್ಲಿ ಜಾಗವಿಲ್ಲ. ಪರದೆಗೆ ತಾಗಿದರೆ ಅನಾಹುತವೇ ಸರಿ. ಅದರ ಚಿಕ್ಕ ತಮ್ಮಂದಿರು, ಸಣ್ಣ ಕ್ಯಾನಿನೊಳಗೆ ಎಲ್‌ಇಡಿ ಬಲ್ಬು ಹಾಕಿದವು, ಗ್ರಂಥಗಳ ಕಪಾಟಿಗೂ ಒಳಾಂಗಣದ ಗಿಡಕ್ಕೂ ಚೆನ್ನಾಗಿ ಹೊಂದುತ್ತವೆ.

ಫ್ರೆನೆಲ್ ದೀಪದ ಗಾಜಿನ ಮೇಲೆ ಉಂಗುರ ಉಂಗುರವಾದ ಮೆಟ್ಟಿಲುಗಳಿವೆ. 1820ರ ದಶಕದಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಸಮುದ್ರದ ದೀಪಸ್ತಂಭಕ್ಕೆಂದು ಮಾಡಿದ್ದು ಈ ಮಸೂರ. ದಪ್ಪ ಗಾಜಿನ ಭಾರವಿಲ್ಲದೆ ಬೆಳಕನ್ನು ಒಟ್ಟುಗೂಡಿಸಬಲ್ಲದು. ಬಲ್ಬನ್ನು ಮಸೂರದ ಹತ್ತಿರ ತಂದರೆ ಬೆಳಕು ಹರಡುತ್ತದೆ, ದೂರ ಸರಿಸಿದರೆ ಕಿರಿದಾಗುತ್ತದೆ, ಎರಡೂ ಸ್ಥಿತಿಯಲ್ಲಿ ಅಂಚು ಮೆದು. ಈಗ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹಿತ್ತಾಳೆ ಬಣ್ಣ ಬಳಿದು ಅಲಂಕಾರಕ್ಕೆ ಮಾರುವ ದೀಪಗಳು ಹೆಚ್ಚಾಗಿ ಇದರ ರೂಪವನ್ನೇ ಹೊತ್ತಿವೆ. ಅದನ್ನು ಸೋಫಾದ ಕಡೆ ತಿರುಗಿಸಿಟ್ಟರೆ ಕೂತವರ ಕಣ್ಣು ಕುಕ್ಕುತ್ತದೆ, ಪೊಲೀಸ್ ವಿಚಾರಣೆಯ ದೃಶ್ಯವಾಗುತ್ತದೆ. ಬಿಳಿ ಗೋಡೆಗೋ ಚಾವಣಿಗೋ ತಿರುಗಿಸಬೇಕು. ಆಗ ಫೋರ್ಚುನಿಯ ಛತ್ರಿಯ ಕೆಲಸವನ್ನು ಗೋಡೆಯೇ ಮಾಡುತ್ತದೆ.

ಎಲ್ಲಕ್ಕಿಂತ ಚೂಪಾದದ್ದು ಪ್ರೊಫೈಲ್ ಸ್ಪಾಟ್. 1930ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಲೆವಿ ಮತ್ತು ಕುಕ್ ತಯಾರಿಸಿದ ಲೀಕೋ ದೀಪ ಈ ಕುಲದ ಹಿರಿಯ. 1992ರಲ್ಲಿ ಬಂದ ಸೋರ್ಸ್ ಫೋರ್ ಕೇವಲ 575 ವ್ಯಾಟಿನಲ್ಲಿ ಹಳೆಯ ಸಾವಿರ ವ್ಯಾಟಿನ ಕೆಲಸ ಮಾಡಿ ಹೆಸರಾಯಿತು. ಇದರೊಳಗೆ ನಾಲ್ಕು ತಗಡಿನ ಅಲಗುಗಳಿವೆ. ಅವನ್ನು ಒತ್ತಿದರೆ ಬೆಳಕನ್ನು ಚೌಕಾಕಾರವಾಗಿ ಕತ್ತರಿಸಬಹುದು. ಗೋಡೆಯ ಚಿತ್ರಪಟದ ಚೌಕಟ್ಟಿಗೆ ಸರಿಯಾಗಿ ಬೆಳಕು ನಿಂತು, ಸುತ್ತಲ ಗೋಡೆ ಕತ್ತಲಲ್ಲೇ ಉಳಿದರೆ, ಚಿತ್ರ ತಾನೇ ಒಳಗಿನಿಂದ ಹೊಳೆಯುವಂತೆ ಕಾಣುತ್ತದೆ. ಮನೆಗೆಂದು ಇದರ ಅಂಗೈಯಗಲದ ಎಲ್‌ಇಡಿ ರೂಪಗಳಿವೆ, ಕಲಾ ಗ್ಯಾಲರಿಗಳಲ್ಲಿ ಬಳಸುವುದೂ ಅವನ್ನೇ. ಲೆಕ್ಕ ಸುಲಭ: 26 ಡಿಗ್ರಿಯ ದೀಪ 8 ಅಡಿ ದೂರದಿಂದ ಸುಮಾರು 3.7 ಅಡಿ ಅಗಲದ ವೃತ್ತ ಬರೆಯುತ್ತದೆ. 36 ಡಿಗ್ರಿಯದಾದರೆ 6 ಅಡಿಯಿಂದಲೇ ಹೆಚ್ಚುಕಡಿಮೆ ಅಷ್ಟು. ಚಿತ್ರಕ್ಕೆ ಬೆಳಕು ಲಂಬರೇಖೆಯಿಂದ 30 ಡಿಗ್ರಿ ಓರೆಯಲ್ಲಿ ಬಿದ್ದರೆ ಗಾಜಿನಲ್ಲಿ ದೀಪದ ಪ್ರತಿಬಿಂಬ ಕಣ್ಣಿಗೆ ಹೊಡೆಯುವುದಿಲ್ಲ.

ಇದೇ ದೀಪದಲ್ಲಿ ಗೋಬೋ ಎಂಬ ಕೊರೆದ ತಗಡಿನ ಬಿಲ್ಲೆಯನ್ನಿಟ್ಟು ರಂಗದ ನೆಲದ ಮೇಲೆ ಕಾಡಿನ ಎಲೆನೆರಳು ಬೀಳಿಸುತ್ತಾರೆ. ಮನೆಗೆ ಅಷ್ಟೆಲ್ಲ ಖರ್ಚು ಬೇಡ. ಒಂದು ಪಾಮ್ ಗಿಡದ ಕುಂಡದ ಹಿಂದೆ, ನೆಲದ ಮೇಲೆ, ಪುಟ್ಟ ದೀಪವನ್ನು ಗೋಡೆಯತ್ತಲ್ಲದೆ ಎಲೆಗಳತ್ತ ಮುಖ ಮಾಡಿಟ್ಟರೆ ಚಾವಣಿಯ ತುಂಬ ನೆರಳು ಹರಡುತ್ತದೆ. ಫ್ಯಾನ್ ತಿರುಗಿದಾಗ ಆ ನೆರಳು ಅಲುಗುವುದು ಯಾವ ತಗಡಿನ ಬಿಲ್ಲೆಗೂ ಬಾರದ ಚೆಲುವು.

ದೀಪ ಎಲ್ಲಿಂದ ಬೀಳುತ್ತದೆ ಎಂಬುದು ಗೋಡೆಯ ಸ್ವಭಾವವನ್ನೇ ಬದಲಿಸುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆಗೆ ಎದುರಿನಿಂದ ಬೆಳಕು ಬಿಟ್ಟರೆ ಬರಿಯ ಕೆಂಪು ಬಣ್ಣ ಕಾಣುತ್ತದೆ. ಅದೇ ದೀಪವನ್ನು ಗೋಡೆಯಿಂದ ಆರೆಂಟು ಇಂಚು ದೂರದಲ್ಲಿಟ್ಟು ಮೈಯುದ್ದಕ್ಕೂ ಸವರಿದಂತೆ ಬಿಟ್ಟರೆ ಕಲ್ಲಿನ ಒಂದೊಂದು ಕುಳಿಗೂ ನೆರಳು ಬಂದು ಗೋಡೆ ಜೀವ ತಳೆಯುತ್ತದೆ. ನರ್ತಕರ ಮೈಕಟ್ಟು ತೋರಿಸಲು ನೃತ್ಯ ಪ್ರದರ್ಶನಗಳಲ್ಲಿ ಪಕ್ಕದಿಂದ ದೀಪ ಬಿಡುವುದು ಇದೇ ಕಾರಣಕ್ಕೆ. ಗಾರೆ ಮಾಡಿದ ಗೋಡೆಯ ಮೇಲೆ ಮಾತ್ರ ಈ ಪ್ರಯೋಗ ಬೇಡ, ಗಾರೆಯವರ ಕರಣೆ ತಪ್ಪಿದ ಜಾಗಗಳೆಲ್ಲ ಎದ್ದು ಕಾಣುತ್ತವೆ.

ಬಣ್ಣದ ವಿಷಯದಲ್ಲಿ ರಂಗಭೂಮಿಯವರು ಎಷ್ಟು ಮಿತವಾಗಿರುತ್ತಾರೆ ಎಂಬುದನ್ನು ಗಮನಿಸಬೇಕು. ಕಡುನೀಲಿ, ಕಡುಕೆಂಪು ಜಿಲೆಟಿನ್ ಕಾಗದಗಳನ್ನು ಅವರು ಒಂದು ದೃಶ್ಯಕ್ಕೆ, ಕೆಲವೇ ನಿಮಿಷಕ್ಕೆ ಬಳಸುತ್ತಾರೆ. ಮಲಗುವ ಕೋಣೆಯಲ್ಲಿ ನೇರಳೆ ಬಣ್ಣದ ಪಟ್ಟಿದೀಪ ರಾತ್ರಿಯಿಡೀ ಉರಿದರೆ ಮೈಬಣ್ಣ, ಬಟ್ಟೆ, ತಟ್ಟೆಯ ಅನ್ನ ಎಲ್ಲವೂ ರೋಗ ಬಂದಂತಾಗುತ್ತವೆ. ತಿಳಿ ಅಂಬರ್ ಒಂದನ್ನು ಬಿಟ್ಟರೆ ಮನೆಗೆ ಬೇರೆ ಜಿಲೆಟಿನ್ ಬೇಕಾಗುವುದಿಲ್ಲ.

ದುಬಾರಿ ಸಲಕರಣೆಯೇ ಬೇಕೆಂದೂ ಇಲ್ಲ. ಕೋಲ್ಕತ್ತದ ತಾಪಸ್ ಸೇನ್ ತಗಡಿನ ಡಬ್ಬಗಳಲ್ಲಿ ಬಲ್ಬು ಕೂರಿಸಿಕೊಂಡೇ ಬೆಳಕಿನ ಕೆಲಸ ಮಾಡಿದ್ದುಂಟು. 1959ರಲ್ಲಿ ಮಿನರ್ವಾ ರಂಗಮಂದಿರದಲ್ಲಿ ಉತ್ಪಲ್ ದತ್ತರ 'ಅಂಗಾರ್' ನಾಟಕಕ್ಕೆ ಅವರು ಮಾಡಿದ ಬೆಳಕಿನಲ್ಲಿ ಕಲ್ಲಿದ್ದಲ ಗಣಿಯೊಳಕ್ಕೆ ನೀರು ನುಗ್ಗಿ ಕಾರ್ಮಿಕರು ಮುಳುಗುವುದನ್ನು ಜನ ಕಣ್ಣಾರೆ ಕಂಡಂತಾಯಿತು. ವೇದಿಕೆಯ ಮೇಲೆ ನೀರಿರಲಿಲ್ಲ.

ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ. ದೊಂದಿ ಬೆಳಕಿನ ಯಕ್ಷಗಾನದಲ್ಲಿ ಕಿರೀಟದ ಬೇಗಡೆಯೂ ಕನ್ನಡಿ ಚೂರುಗಳೂ ಮಿನುಗುವ ಬಗೆ ಹೈಮಾಸ್ಟ್ ದೀಪದಡಿ ಬರುವುದಿಲ್ಲ. ವೇಷ ರೂಪುಗೊಂಡದ್ದೇ ಅಲುಗುವ ಕೆಂಪು ಬೆಳಕಿಗೆ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ನಡುವೆ ಕೂರಿಸಿದ ಒಂದು ಗಾಜಿನ ಹೆಂಚು, ಗೋಡೆಯ ಮೇಲ್ಭಾಗದ ಬೆಳಕಿಂಡಿ ಕತ್ತಲ ಕೋಣೆಯೊಳಗೆ ಒಂದೇ ಕೋಲು ಬಿಸಿಲನ್ನು ಇಳಿಬಿಡುತ್ತಿದ್ದವು. ದೇವರ ಕೋಣೆಯ ನಂದಾದೀಪಕ್ಕೆ ಗಾಂಭೀರ್ಯವಿದ್ದದ್ದು ಸುತ್ತ ಮಬ್ಬಿದ್ದುದರಿಂದ. ಈಗ ದೇವರ ಗೂಡಿನ ಸುತ್ತ ಎಲ್‌ಇಡಿ ಪಟ್ಟಿ ಹಾಕಿಸುವವರು ಮಂಗಳಾರತಿಯ ಹೊತ್ತಿಗಾದರೂ ಅದನ್ನು ಆರಿಸಿದರೆ ಆರತಿಯ ಬೆಳಕು ವಿಗ್ರಹದ ಮುಖದ ಮೇಲೆ ಹರಿಯುವುದು ಕಾಣುತ್ತದೆ.

ದೀಪಗಳನ್ನು ಕೊಳ್ಳುವ ಮೊದಲು ರಂಗದವರ ಒಂದು ಪದ್ಧತಿಯನ್ನು ಮನೆಯಲ್ಲಿ ಮಾಡಿ ನೋಡಬಹುದು. ನಾಟಕಕ್ಕೆ ಮುಂಚೆ ಒಬ್ಬರು ಖಾಲಿ ವೇದಿಕೆಯ ಮೇಲೆ ನಟನ ಜಾಗದಲ್ಲಿ ನಿಲ್ಲುತ್ತಾರೆ, ಇನ್ನೊಬ್ಬರು ಏಣಿ ಹತ್ತಿ ದೀಪ ತಿರುಗಿಸುತ್ತಾರೆ, ಮತ್ತೊಬ್ಬರು ಕತ್ತಲಲ್ಲಿ ಕೂತು ನೋಡುತ್ತಾರೆ. ಹಾಗೆಯೇ ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಒಬ್ಬರು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಪ್ರಖರವಾದ ಟಾರ್ಚ್ ಹಿಡಿದು ಬೇರೆ ಬೇರೆ ಎತ್ತರದಿಂದ ಹಾಯಿಸಿ ನೋಡಿದರೆ ಎಲ್ಲಿ ದೀಪ ಬೇಕು, ಎಲ್ಲಿ ಬೇಡ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ ಎಂಬ ನಿಯಮವೂ ಆಗ ಕಣ್ಣಿಗೆ ಬೀಳುತ್ತದೆ.

ತೂಕವಿರುವ ದೀಪವನ್ನು ಜಿಪ್ಸಮ್ ಫಾಲ್ಸ್ ಸೀಲಿಂಗಿಗೆ ಎಂದೂ ನೇತುಹಾಕಬಾರದು. ಕಾಂಕ್ರೀಟ್ ಚಾವಣಿಗೇ ಬೋಲ್ಟ್ ಹಾಕಿ, ರಂಗದಲ್ಲಿ ಮಾಡುವಂತೆ ಎರಡನೆಯದಾಗಿ ಒಂದು ಉಕ್ಕಿನ ತಂತಿಯನ್ನೂ ಸುತ್ತಿರಬೇಕು. ಹೊಸ ಮನೆ ಕಟ್ಟಿಸುತ್ತಿರುವವರಾದರೆ ಚಾವಣಿಗೆ ಕಾಂಕ್ರೀಟ್ ಹಾಕುವ ಮುನ್ನ ಎಲೆಕ್ಟ್ರಿಷಿಯನ್ ಜೊತೆ ಕೂತು ನಡುಮನೆಗೆ ಮೂರು ಬೇರೆ ಬೇರೆ ಸಾಲುಗಳನ್ನು ಕೇಳಬೇಕು: ಹರಡುವ ಬೆಳಕಿಗೆ ಒಂದು, ಗೋಡೆಗೂ ಚಿತ್ರಕ್ಕೂ ಒಂದು, ನೆಲದ ಹತ್ತಿರದ ನಿಲುದೀಪಗಳಿಗೆ ಸ್ವಿಚ್ಚಿನಿಂದಲೇ ಹತ್ತುವ ಪ್ಲಗ್ಗುಗಳ ಸಾಲು ಒಂದು. ಡಿಮ್ಮರ್ ಸದ್ಯಕ್ಕೆ ಬೇಡವೆನಿಸಿದರೂ ಸ್ವಿಚ್ ಪೆಟ್ಟಿಗೆಗೆ ನ್ಯೂಟ್ರಲ್ ತಂತಿ ಎಳೆಸಿಟ್ಟಿದ್ದರೆ ಮುಂದೆ ಗೋಡೆ ಒಡೆಸುವ ಪ್ರಮೇಯ ಬರುವುದಿಲ್ಲ.