ಗೆಳೆಯನ ಮಾತಿಗೆ ಹಾಡಿದವರು!

ಸ್ಟಾರ್ ಅಂದ ಮೇಲೆ ಮೊದಲು ಅಡ್ವಾನ್ಸು, ಆಮೇಲೆ ಕಾಲ್‌ಶೀಟು. ಇದು ಎಲ್ಲರಿಗೂ ಗೊತ್ತಿರೋದೇ! ಆದರೆ ಒಂದು ಪೈಸೆ ಮುಟ್ಟದೆ, ದೂರದ ದೇಶದ ಗುರುತಿಲ್ಲದ ಜನಕ್ಕಾಗಿ ಜಗತ್ತಿನ ದೊಡ್ಡ ದೊಡ್ಡ ಸ್ಟಾರುಗಳು ಒಂದೇ ವೇದಿಕೆ ಹತ್ತಿದ ಕಥೆ ಗೊತ್ತಾ ಓದುಗರೇ? 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಂದಿನ ಕಛೇರಿಯೇ 1972ರಲ್ಲಿ 'ದಿ ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ಎಂಬ ಚಿತ್ರವಾಗಿ ತೆರೆಕಂಡಿತು. ನಾನು ಹುಟ್ಟುವ ಎಷ್ಟೋ ಮೊದಲಿನ ಚಿತ್ರ. ಮೊಬೈಲಿನಲ್ಲೇ ಮೂರು ಸಲ ನೋಡಿದೆ.

ಬೆಂಕಿ ಬಿದ್ದ ನಾಡು

1970ರ ನವೆಂಬರಿನಲ್ಲಿ ಚಂಡಮಾರುತ ಪೂರ್ವ ಪಾಕಿಸ್ತಾನವನ್ನು ಗುಡಿಸಿ ಹಾಕಿತ್ತು. ಅದರ ಮೇಲೆ 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೈನ್ಯ ತನ್ನ ಜನರ ಮೇಲೇ ಗುಂಡು ಹಾರಿಸಿತು. ಸುಮಾರು ಒಂದು ಕೋಟಿ ಮಂದಿ ಗಡಿ ದಾಟಿ ಭಾರತಕ್ಕೆ ಓಡಿಬಂದರು. ಹೊಟ್ಟೆಗಿಲ್ಲ, ತಲೆ ಮೇಲೆ ಮಳೆ, ಸಾಲದ್ದಕ್ಕೆ ಕಾಲರಾ.

'ಅನುರಾಧಾ' ಚಿತ್ರಕ್ಕೆ ಸಂಗೀತ ಕೊಟ್ಟ ಪಂಡಿತ್ ರವಿಶಂಕರ್ ಆಗ ಅಮೆರಿಕದಲ್ಲಿದ್ದರು. ಅವರ ಗುರು ಅಲ್ಲಾವುದ್ದೀನ್ ಖಾನ್ ಹುಟ್ಟಿದ್ದು ಅದೇ ಪೂರ್ವ ಬಂಗಾಳದಲ್ಲಿ. ಸುಮ್ಮನಿರೋದು ಹೇಗೆ? ತಮ್ಮಲ್ಲಿ ಸಿತಾರ್ ಕಲಿತ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಹತ್ತಿರ ಸಂಕಟ ತೋಡಿಕೊಂಡರು. ಇಪ್ಪತ್ತೈದು ಸಾವಿರ ಡಾಲರ್ ಕೂಡಿದರೂ ಸಾಕು ಅನ್ನೋದು ಪಂಡಿತರ ಆಸೆ.

ಹ್ಯಾರಿಸನ್ ಫೋನ್ ಹಿಡಿದು ಕೂತರು. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್... ಒಬ್ಬೊಬ್ಬರನ್ನೇ ಒಪ್ಪಿಸಿದರು. ಡಿಲನ್ ವೇದಿಕೆಗೆ ಬರುವವರೆಗೂ ಹ್ಯಾರಿಸನ್‌ಗೆ ನಂಬಿಕೆ ಇರಲಿಲ್ಲವಂತೆ! ಜಗತ್ತಿನಲ್ಲಿ ಇಷ್ಟೊಂದು ಕಷ್ಟಗಳಿರುವಾಗ ಇದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಪತ್ರಕರ್ತರು ಕೇಳಿದಾಗ ಹ್ಯಾರಿಸನ್ ಕೊಟ್ಟ ಉತ್ತರ ಇಷ್ಟೇ: ಗೆಳೆಯ ಕೇಳಿದ, ಅದಕ್ಕೆ.

ಶ್ರುತಿಗೇ ಚಪ್ಪಾಳೆ!

ಒಂದೇ ದಿನ ಎರಡು ಷೋ, ನಲವತ್ತು ಸಾವಿರ ಪ್ರೇಕ್ಷಕರು. ಮೊದಲು ಕೂತವರು ನಮ್ಮವರೇ. ರವಿಶಂಕರ್ ಸಿತಾರ್, ಅಲಿ ಅಕ್ಬರ್ ಖಾನ್ ಸರೋದ್, ಅಲ್ಲಾ ರಖಾ ತಬಲಾ. ಇನ್ನೂ ಶ್ರುತಿ ಮಾಡುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿಬಿಟ್ಟರು! ಶ್ರುತಿಯೇ ಇಷ್ಟು ಹಿಡಿಸಿದರೆ ನುಡಿಸೋದು ಇನ್ನೂ ಹಿಡಿಸಲಿ ಎಂದು ಪಂಡಿತರು ನಗಿಸಿದರು. ನನ್ನ ಕಣ್ಣು ಮಾತ್ರ ಅಲಿ ಅಕ್ಬರ್ ಮೇಲೆ. ಅಲ್ಲಾವುದ್ದೀನ್ ಖಾನರ ಮಗ. ಅವರು ಹುಟ್ಟಿದ ಸೀಮೆಯೇ ಅತ್ತ ಉರಿಯುತ್ತಿದೆ, ಇತ್ತ ಅವರ ಕೈ ನಡುಗಲಿಲ್ಲ.

ಆಗ ಅಮೆರಿಕದ ನಿಕ್ಸನ್ ಸರ್ಕಾರ ನಿಂತಿದ್ದು ಪಾಕಿಸ್ತಾನದ ಸೇನಾಧಿಕಾರಿ ಯಾಹ್ಯಾ ಖಾನ್ ಬೆನ್ನಿಗೆ. ಅದೇ ನೆಲದ ಜನ ದುಡ್ಡು ಕೊಟ್ಟು ಟಿಕೆಟ್ ಕೊಂಡು ನಿರಾಶ್ರಿತರ ಪರ ನಿಂತರು. ಸರ್ಕಾರ ಬೇರೆ, ಜನ ಬೇರೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ದುಡ್ಡಿನ ಗತಿ

ಟಿಕೆಟ್ಟಿನಿಂದ ಬಂದ 2,43,418 ಡಾಲರ್ ಯುನಿಸೆಫ್‌ಗೆ ಹೋಯಿತು. ಆದರೆ ರೆಕಾರ್ಡು, ಚಿತ್ರಗಳ ಲಕ್ಷಾಂತರ ಡಾಲರ್ ತೆರಿಗೆ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಮುಂಚೆಯೇ ಯುನಿಸೆಫ್ ಜೊತೆ ಕಾಗದಪತ್ರ ಮಾಡಿಕೊಂಡಿರಲಿಲ್ಲ. ಒಳ್ಳೆ ಮನಸ್ಸಿಗೂ ಲೆಕ್ಕಪತ್ರ ಬೇಕು ಸ್ವಾಮಿ! ಕ್ಯಾಂಪಿನ ಮಗು ರಸೀದಿಗೆ ಕಾಯುತ್ತಾ?

ಹಾಡಿನಿಂದ ಯುದ್ಧ ನಿಲ್ಲುತ್ತಾ ಅಂತ ಮೂಗು ಮುರಿಯುವವರಿದ್ದಾರೆ. ನಿಲ್ಲಲಿಲ್ಲ, ನಿಜ. ಅದು ಮುಗಿದದ್ದು ಡಿಸೆಂಬರ್ 16ಕ್ಕೆ, ಇನ್ನೊಂದು ಯುದ್ಧದಿಂದಲೇ. ಆದರೆ ಬಾಂಗ್ಲಾದೇಶ ಎಂಬ ಹೆಸರು ಗೊತ್ತಿಲ್ಲದ ಹುಡುಗರ ಬಾಯಲ್ಲೂ ಅದನ್ನು ಕೂರಿಸಿದ್ದು ಆ ಹಾಡುಗಳೇ. ಆ ನಾಡಿನಿಂದ ಬಂದವರ ಕ್ಯಾಂಪುಗಳು ನಮ್ಮ ಸಿಂಧನೂರು ತಾಲ್ಲೂಕಿನಲ್ಲೂ ಇವೆ. ದೂರದ ಯುದ್ಧ ಎಷ್ಟು ಹತ್ತಿರ ನೋಡಿ!

ಹ್ಯಾರಿಸನ್ 2001ರಲ್ಲಿ, ರವಿಶಂಕರ್ 2012ರಲ್ಲಿ ಹೋದರು. ಚಿತ್ರ ಸಿಕ್ಕರೆ ನೋಡಿ. ಮೊದಲಿನ ಸಿತಾರ್ ಭಾಗವನ್ನು ಮಾತ್ರ ಮುಂದಕ್ಕೆ ಓಡಿಸಬೇಡಿ!