ಏಳು ಹಾಡು, ಏಳು ನಿಮಿಷ

ಮೊದಲ ಕೃತಿಯೆಂಬುದು ಯಾವ ಕಲಾವಿದನಿಗಾದರೂ ಒಂದು ಪರೀಕ್ಷೆಯೇ ಸರಿ. ಕವಿಗೆ ಮೊದಲ ಸಂಕಲನ, ಚಿತ್ರಕಾರನಿಗೆ ಮೊದಲ ಪ್ರದರ್ಶನ, ಗಾಯಕನಿಗೆ ಮೊದಲ ಕಛೇರಿ. ಅಲ್ಲಿಯವರೆಗೆ ಹಿರಿಯರನ್ನು ಅನುಕರಿಸುತ್ತ ಬಂದವನು ಅಂದು ತನ್ನದೆಂಬುದನ್ನು ನಾಲ್ಕು ಜನರ ಮುಂದೆ ಇಡಬೇಕಾಗುತ್ತದೆ. ಅಂತಹ ಒಂದು ಮೊದಲ ಕೃತಿಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಅದು ಏಳು ಅಂಗುಲದ ಒಂದು ಗ್ರಾಮಾಫೋನ್ ಪ್ಲೇಟು. 1980ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹೊರಬಂದದ್ದು. ಹೆಸರು ‘ಪ್ಯಾರನಾಯ್ಡ್ ಟೈಮ್’. ‘ಭಯ ಹಿಡಿದ ಕಾಲ’ ಎಂದು ಅರ್ಥ ಮಾಡಿಕೊಳ್ಳಬಹುದು. ನುಡಿಸಿದವರು ‘ಮಿನಿಟ್‌ಮೆನ್’ ಎಂಬ ತಂಡದ ಮೂವರು ಯುವಕರು. ಅದರಲ್ಲಿರುವ ಹಾಡುಗಳು ಏಳು. ಎಲ್ಲವೂ ಸೇರಿ ಏಳು ನಿಮಿಷವೂ ಆಗುವುದಿಲ್ಲ.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ರಾಕ್ ಸಂಗೀತಕ್ಕೆ ಏನು ಕೆಲಸ ಎಂದು ಗುರುಗಳು ಹುಬ್ಬೇರಿಸಬಹುದು. ಅದು ಬರಿಯ ಗದ್ದಲವೆಂದು ನಾನೂ ತಿಳಿದಿದ್ದೆ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ತನ್ನ ಮೊಬೈಲಿನಲ್ಲಿ ಇದನ್ನು ಹಾಕಿ, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟಾಗ ಮೊದಲ ಬಾರಿ ಕೇಳಿಸಿದ್ದೂ ಗದ್ದಲವೇ. “ಇದೇನೇ, ಶುರುವಾಗುವಷ್ಟರಲ್ಲಿ ಮುಗಿದೇ ಹೋಯಿತಲ್ಲ!” ಎಂದೆ. ಅವಳು ನಕ್ಕು ಮತ್ತೊಮ್ಮೆ ಹಾಕಿದಳು. ಏಳೇ ನಿಮಿಷವಾದ್ದರಿಂದ ಬೇಡವೆನ್ನಲೂ ಆಗಲಿಲ್ಲ. ಮೂರನೆಯ ಸಲಕ್ಕೆ ಗದ್ದಲದೊಳಗೆ ಮೂರು ಬೇರೆ ಬೇರೆ ದಾರಿಗಳು ಕಾಣತೊಡಗಿದವು. ಆ ಮೂರು ದಾರಿಗಳ ವಿಚಾರವೇ ಈ ಲೇಖನದ ವಿಷಯ.

ಲಾಸ್ ಏಂಜಲೀಸ್ ನಗರಕ್ಕೆ ಸೇರಿದ ಸ್ಯಾನ್ ಪೆಡ್ರೊ ಎಂಬುದು ಒಂದು ಬಂದರು. ಹಡಗುಗಳಿಂದ ಸರಕು ಇಳಿಸುವವರು, ಮೀನುಗಾರರು, ನೌಕಾಪಡೆಯ ಸಾಮಾನ್ಯ ನೌಕರರು ಬಾಳಿದ ಊರು ಅದು. ಮಾರುಕಟ್ಟೆಯ ಹಮಾಲಿಯೊಬ್ಬರ ಮಗಳಾದ ನನಗೆ ಆ ಊರಿನ ವರ್ಣನೆಯನ್ನು ಓದಿದಾಗ ಅದು ಅಷ್ಟೇನೂ ದೂರವೆನ್ನಿಸಲಿಲ್ಲ. ಅಲ್ಲಿ ಮೈಕ್ ವಾಟ್ ಎಂಬ ನಾವಿಕನ ಮಗನೂ, ಡಿ. ಬೂನ್ ಎಂಬ ಹುಡುಗನೂ ಎಳೆಯ ವಯಸ್ಸಿನಲ್ಲೇ ಸ್ನೇಹಿತರಾದರು. ಒಂದು ಉದ್ಯಾನದಲ್ಲಿ ಬೂನ್ ಮರದ ಮೇಲಿಂದ ವಾಟನ ಎದುರಿಗೆ ಧೊಪ್ಪನೆ ಹಾರಿದ್ದೇ ಅವರ ಪ್ರಥಮ ಪರಿಚಯ! ಮಗ ಗಿಟಾರು ನುಡಿಸಲಿ, ಅವನ ಸ್ನೇಹಿತ ಬಾಸ್ ನುಡಿಸಲಿ ಎಂದು ತೀರ್ಮಾನಿಸಿದವಳು ಬೂನನ ತಾಯಿ. ಬಾಸ್ ಎಂದರೇನೆಂಬುದು ವಾಟನಿಗೆ ಗೊತ್ತಿರಲಿಲ್ಲ. ಚಿತ್ರಗಳಲ್ಲಿ ಅದಕ್ಕೆ ನಾಲ್ಕೇ ತಂತಿ ಕಂಡದ್ದರಿಂದ, ಸಾಧಾರಣ ಗಿಟಾರಿಗೇ ನಾಲ್ಕು ತಂತಿ ಕಟ್ಟಿಕೊಂಡು ಬಹುಕಾಲ ನುಡಿಸಿದನಂತೆ. ನಿಜವಾದ ಬಾಸ್ ಗಿಟಾರಿನ ತಂತಿಗಳು ಎಷ್ಟು ದಪ್ಪವೆಂಬುದು ಅವನಿಗೆ ತಿಳಿದದ್ದು ಆಮೇಲೆ. ಹೇಳಿಕೊಡುವವರಿಲ್ಲದ ಮನೆಯ ಮಕ್ಕಳ ಕಲಿಕೆ ಎಲ್ಲ ದೇಶಗಳಲ್ಲೂ ಹೀಗೆಯೇ ಇರುತ್ತದೆಯೋ ಏನೋ!

ಇಬ್ಬರೂ ಹಲವು ವರ್ಷ ಮಾಡಿದ್ದು ಒಂದೇ ಕೆಲಸ: ಪ್ರಸಿದ್ಧ ತಂಡಗಳ ಹಾಡುಗಳನ್ನು ಪ್ಲೇಟು ಕೇಳಿ ಕೇಳಿ ಹಾಗೆಯೇ ನುಡಿಸುವುದು. ಸ್ವಂತ ಹಾಡು ಕಟ್ಟಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. 1970ರ ದಶಕದ ರಾಕ್ ಸಂಗೀತವೆಂದರೆ ಸಾವಿರಾರು ಜನ ಹಿಡಿಯುವ ಭಾರಿ ಕ್ರೀಡಾಂಗಣಗಳ ಸಂಗೀತ. ವೇದಿಕೆಯ ಮೇಲಿನವರು ಬೇರೆಯೇ ಲೋಕದವರಂತೆ ಕಾಣುತ್ತಿದ್ದರು. ಆ ದಶಕದ ಮಧ್ಯಭಾಗದಲ್ಲಿ ‘ಪಂಕ್’ ಎಂಬ ಹೊಸ ಪಂಥ ಹುಟ್ಟಿತು. ಚಿಕ್ಕ ಚಿಕ್ಕ ಕೋಣೆಗಳಲ್ಲಿ, ತಮ್ಮಷ್ಟೇ ಕಲಿತವರು, ತಮ್ಮ ವಯಸ್ಸಿನವರೇ, ತಾವೇ ಬರೆದ ಹಾಡುಗಳನ್ನು ಹಾಡುವುದನ್ನು ಈ ಗೆಳೆಯರು ಕಂಡರು. ‘ವೈರ್’ ಎಂಬ ಇಂಗ್ಲೆಂಡಿನ ತಂಡ 1977ರಲ್ಲಿ ಹೊರತಂದ ‘ಪಿಂಕ್ ಫ್ಲ್ಯಾಗ್’ ಎಂಬ ಪ್ಲೇಟಿನಲ್ಲಿ 21 ಹಾಡುಗಳಿದ್ದವು. ಹಾಡೊಂದು ಇಷ್ಟು ಚಿಕ್ಕದಾಗಿರಬಹುದೆಂಬುದನ್ನು ಅವರು ಅದರಿಂದ ಕಲಿತರು. ಹೇಳಬೇಕಾದ ಮಾತು ಮುಗಿದ ಕೂಡಲೇ ಹಾಡೂ ಮುಗಿಯಲಿ, ಪಲ್ಲವಿಯನ್ನು ಮತ್ತೆ ಮತ್ತೆ ತಿರುವಿ ಹಾಡುವುದೇಕೆ ಎಂಬುದು ಅವರ ಧೋರಣೆಯಾಯಿತು.

1980ರ ಜನವರಿಯಲ್ಲಿ ತಂಡ ಹುಟ್ಟಿತು. ಕೆಲವು ತಿಂಗಳಲ್ಲಿ ಡ್ರಮ್ ನುಡಿಸುವ ಜಾರ್ಜ್ ಹರ್ಲಿ ಬಂದು ಸೇರಿದ ಮೇಲೆ ತ್ರಯವು ಸ್ಥಿರವಾಯಿತು. ಹಾಡುಗಳು ಒಂದು ನಿಮಿಷದವಾದ್ದರಿಂದ ತಂಡಕ್ಕೆ ಈ ಹೆಸರೆಂದು ಹಲವರು ಭಾವಿಸಿದ್ದುಂಟು. ವಾಸ್ತವವಾಗಿ ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ, ಕರೆ ಬಂದ ನಿಮಿಷದಲ್ಲೇ ಸಿದ್ಧರಾಗಿ ನಿಲ್ಲುತ್ತಿದ್ದ ರೈತಾಪಿ ಸೈನಿಕರಿಗೆ ಆ ಹೆಸರಿತ್ತು.

ಈಗ ಮೂರು ದಾರಿಗಳ ವಿಚಾರ. ರಾಕ್ ತಂಡಗಳಲ್ಲಿ ಹೆಚ್ಚಾಗಿ ಇಬ್ಬರು ಗಿಟಾರಿಗರಿರುತ್ತಾರೆ. ಒಬ್ಬನು ಸ್ವರಗುಚ್ಛಗಳನ್ನು ಮೀಟಿ ತಳಹದಿ ಹಾಕಿದರೆ ಇನ್ನೊಬ್ಬನು ಮೇಲೆ ವಿಹರಿಸುತ್ತಾನೆ. ಮೂವರೇ ಇರುವಾಗ ಗಿಟಾರು ಒಂದೇ. ಆಗ ಆ ಒಂದು ಗಿಟಾರಿನ ನಾದವನ್ನು ಯಂತ್ರದ ಸಹಾಯದಿಂದ ಒರಟಾಗಿಯೂ ದಪ್ಪವಾಗಿಯೂ ಮಾಡಿ ಇಡೀ ಜಾಗವನ್ನು ತುಂಬಿಬಿಡುವುದು ಸಾಮಾನ್ಯ ಉಪಾಯ. ಬೂನ್ ಇದಕ್ಕೆ ವಿರುದ್ಧವಾದ ಹಾದಿ ಹಿಡಿದನು. ತನ್ನ ಗಿಟಾರಿನ ಮಂದ್ರಭಾಗವನ್ನು ತಗ್ಗಿಸಿ, ತಾರಸ್ವರಗಳನ್ನು ಮಾತ್ರ ಹರಿತವಾಗಿ, ಚುಟುಕಾಗಿ ನುಡಿಸಿದನು. ಗಿಟಾರಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬಾಸ್‌ನ ಕೆಳಗಿನ ತಂತಿ ಸುಮಾರು 41 ಸಲ ಕಂಪಿಸುತ್ತದೆ. ಅಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಗಿಟಾರಿಗನು ಕೆಳಗಿನ ಹೊಲವನ್ನು ಬಿಟ್ಟುಕೊಟ್ಟರೆ ಬಾಸ್‌ಗೆ ಅಲ್ಲಿ ಉಳಲು ಜಾಗ ಸಿಕ್ಕುತ್ತದೆ. ಹೀಗಾಗಿ ವಾಟನ ಬಾಸ್ ಬರಿಯ ಶ್ರುತಿಯಂತೆ ಹಿಂದೆ ನಿಲ್ಲದೆ ತಾನೇ ರಾಗವನ್ನು ಹಿಡಿದು ಓಡುತ್ತದೆ. ಹರ್ಲಿಯ ಡ್ರಮ್ಮು ತಾಳದ ಎಣಿಕೆಗಷ್ಟೇ ನಿಲ್ಲದೆ ಇಬ್ಬರೊಡನೆಯೂ ಸಂವಾದ ನಡೆಸುತ್ತದೆ.

ಇದು ಆಕಸ್ಮಿಕವಲ್ಲ. ತಂಡದಲ್ಲಿ ಒಬ್ಬನು ದೊರೆ, ಉಳಿದವರು ಪರಿವಾರ ಎಂಬ ವ್ಯವಸ್ಥೆ ಬೂನನಿಗೆ ಒಪ್ಪಿಗೆಯಿರಲಿಲ್ಲ. ಮೂವರೂ ಸಮಾನರೆಂಬ ರಾಜಕೀಯ ತತ್ತ್ವವನ್ನು ಅವನು ನಾದದಲ್ಲೇ ಆಚರಿಸಿದನೆಂದು ವಾಟ್ ಮುಂದೆ ಅನೇಕ ಬಾರಿ ಹೇಳಿದ್ದಾನೆ. ಸಮಾನತೆಯ ಮೇಲೆ ರಾಜ್ಯಶಾಸ್ತ್ರದ ಪರೀಕ್ಷೆಗಾಗಿ ನಾನು ಎಷ್ಟೋ ಟಿಪ್ಪಣಿ ಬಾಯಿಪಾಠ ಮಾಡಿದ್ದೇನೆ. ಆದರೆ ತನಗೆ ಗಟ್ಟಿಯಾಗಿ ನುಡಿಸುವ ಶಕ್ತಿಯಿದ್ದರೂ ಪಕ್ಕದವನಿಗೆ ಜಾಗ ಬಿಡುವುದು ಸಮಾನತೆ ಎಂದು ಕಿವಿಗೆ ಕೇಳಿಸಿದ್ದು ಈ ಪ್ಲೇಟಿನಲ್ಲಿ.

ಹಾಡುಗಳ ವಸ್ತುವಾದರೂ ಏನು? ‘ಪ್ಯಾರನಾಯ್ಡ್ ಟೈಮ್’ ಮುದ್ರಣವಾದದ್ದು 1980ರ ಜುಲೈ ತಿಂಗಳಲ್ಲಿ. ಅದರ ಹಿಂದಿನ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನವನ್ನು ಹೊಕ್ಕಿತ್ತು. ಅದೇ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರನ ಆಜ್ಞೆಯಂತೆ, 1960 ಮತ್ತು 1961ರಲ್ಲಿ ಹುಟ್ಟಿದ ತರುಣರು ಸೇನೆಯ ಕರೆಗಾಗಿ ತಮ್ಮ ಹೆಸರು ನೋಂದಾಯಿಸಬೇಕಾಯಿತು. ಅಂದರೆ ನನ್ನ ವಯಸ್ಸಿನವರು! ಬೂನ್ ಮತ್ತು ವಾಟ್ ಇಬ್ಬರಿಗೂ ಆಗ 22 ವರ್ಷ. ಪ್ಲೇಟಿನ ಹೆಸರಿನಲ್ಲಿರುವ ಭಯ ಕವಿಕಲ್ಪನೆಯದಲ್ಲ. ಒಂದು ಹಾಡಿನ ಹೆಸರು ‘ಜೋ ಮೆಕಾರ್ಥಿಯ ದೆವ್ವ’ ಎಂದು. 1950ರ ದಶಕದಲ್ಲಿ ಕಂಡಕಂಡವರನ್ನೆಲ್ಲ ದೇಶದ್ರೋಹಿಗಳೆಂದು ಆರೋಪಿಸಿ ಕುಖ್ಯಾತನಾದ ಸೆನೆಟರ್ ಮೆಕಾರ್ಥಿ ತೀರಿಕೊಂಡದ್ದು 1957ರ ಮೇ ತಿಂಗಳಲ್ಲಿ; ವಾಟ್ ಹುಟ್ಟಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ತಾನು ಹುಟ್ಟುವ ಮೊದಲೇ ಸತ್ತವನ ದೆವ್ವ ತನ್ನ ಕಾಲದಲ್ಲೂ ತಿರುಗಾಡುತ್ತಿದೆಯೆಂದು ಕಂಡ ಪೀಳಿಗೆ ಅದು. ಇನ್ನೊಂದರಲ್ಲಿ ಮಾತೇ ಇಲ್ಲ, ವಾದ್ಯಗಳು ಮಾತ್ರ. ಆದರೆ ಅದರ ಹೆಸರು ‘ಕುಡುಗೋಲು ಸುತ್ತಿಗೆಗಳು’. ಕೊನೆಯ ಹಾಡಿನಲ್ಲಿ ಮುಂದಿನ ಮಹಾಯುದ್ಧದ ಭೀತಿ ತರುಣನೊಬ್ಬನ ದಿನನಿತ್ಯದ ಮಾತಿನೊಳಗೇ ನುಗ್ಗುತ್ತದೆ.

ಇದನ್ನು ಯಾವ ದೊಡ್ಡ ಕಂಪನಿಯೂ ಹೊರತರಲಿಲ್ಲ. ಗ್ರೆಗ್ ಗಿನ್ ಎಂಬಾತನು ಹುಡುಗನಾಗಿದ್ದಾಗ ರೇಡಿಯೋ ಸಲಕರಣೆಗಳನ್ನು ಅಂಚೆಯ ಮೂಲಕ ಮಾರುವ ಒಂದು ಪುಟ್ಟ ವ್ಯಾಪಾರವನ್ನು ಆರಂಭಿಸಿದ್ದನು. ಮುಂದೆ ತನ್ನ ತಂಡವಾದ ‘ಬ್ಲ್ಯಾಕ್ ಫ್ಲ್ಯಾಗ್’ನ ಪ್ಲೇಟನ್ನು ತಾನೇ ಪ್ರಕಟಿಸಬೇಕಾಗಿ ಬಂದಾಗ ಆ ವ್ಯಾಪಾರದ ‘ಎಸ್.ಎಸ್.ಟಿ.’ ಎಂಬ ಹೆಸರನ್ನೇ ಇಟ್ಟನು. ಆ ಸಂಸ್ಥೆಯ ಮೊದಲನೆಯ ಪ್ರಕಟಣೆ ಅದು; ಎರಡನೆಯದೇ ‘ಪ್ಯಾರನಾಯ್ಡ್ ಟೈಮ್’. ಮುದ್ರಣದ ಉಸ್ತುವಾರಿಯಲ್ಲಿ ಗಿನ್‌ನ ಜೊತೆಗಿದ್ದವನು ‘ಸ್ಪಾಟ್’ ಎಂದು ಹೆಸರಾದ ಗ್ಲೆನ್ ಲಾಕೆಟ್. ಹೊದಿಕೆಗೆ ಚಿತ್ರ ಬರೆದವನು ರೇಮಂಡ್ ಪೆಟಿಬಾನ್. ಸ್ವತಂತ್ರ ಪ್ರಕಟಣೆಯೆಂದರೆ ಹೀಗೆ: ಹಾಡುವವರು, ಅಚ್ಚು ಹಾಕುವವರು, ಚಿತ್ರ ಬರೆಯುವವರು ಎಲ್ಲರೂ ಪರಸ್ಪರ ಬಲ್ಲವರೇ. ಲಾಭ ಅಲ್ಪ, ಆದರೆ ಅಪ್ಪಣೆಗಾಗಿ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಈ ಮಿತವ್ಯಯದ ಬಾಳಿಗೆ ಮೂವರು ‘ಇಕಾನೊ’ ಎಂದು ಹೆಸರಿಟ್ಟುಕೊಂಡರು. ತಮ್ಮ ಸಾಮಾನನ್ನು ತಾವೇ ಹೊರುವುದು, ವ್ಯಾನನ್ನು ತಾವೇ ಓಡಿಸುವುದು, ಬಾಡಿಗೆ ಅಗ್ಗವಾಗುವ ರಾತ್ರಿವೇಳೆಯಲ್ಲಿ ಹಾಡುಗಳನ್ನು ಮುದ್ರಿಸುವುದು. ಈ ರೀತಿಯಲ್ಲಿಯೇ ಅವರು 1984ರಲ್ಲಿ ನಲವತ್ತಕ್ಕೂ ಹೆಚ್ಚು ಹಾಡುಗಳ ಜೋಡಿ ಪ್ಲೇಟನ್ನು ಹೊರತಂದರು. ಅದರ ಹೆಸರು ‘ಡಬಲ್ ನಿಕಲ್ಸ್ ಆನ್ ದ ಡೈಮ್’.

ಅವರ ಕಥೆ ಬೇಗನೆ ಮುಗಿಯಿತು. 1985ರ ಡಿಸೆಂಬರ್ 22ರಂದು ಅರಿಜೋನದ ಮರುಭೂಮಿಯ ರಸ್ತೆಯಲ್ಲಿ ವ್ಯಾನ್ ಅಪಘಾತಕ್ಕೀಡಾಗಿ ಬೂನ್ ಮೃತನಾದನು. ಅವನಿಗೆ 27 ವರ್ಷ. ಆ ಹೆಸರಿನಲ್ಲಿ ತಂಡ ಮತ್ತೆ ನುಡಿಸಲಿಲ್ಲ. ಮೊದಲ ಪ್ಲೇಟಿನಿಂದ ಅಲ್ಲಿಯವರೆಗೆ ಕೇವಲ ಐದು ವರ್ಷ. ಇದನ್ನು ತಿಳಿದ ಮೇಲೆ ಆ ಅವಸರದ ಹಾಡುಗಳನ್ನು ನಾನು ಮೊದಲಿನಂತೆ ಕೇಳಲಾರದಾದೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಎರಡನೆಯ ವರ್ಷದಲ್ಲಿ ನಾನು ಬರೆದುಕೊಟ್ಟ ಪ್ರಬಂಧವೊಂದನ್ನು ತಿರುವಿಹಾಕಿ ನಮ್ಮ ಗುರುಗಳೊಬ್ಬರು, “ಚೆನ್ನಾಗಿದೆ. ಇದರಲ್ಲಿ ನಿನ್ನ ವಾಕ್ಯ ಯಾವುದಮ್ಮ?” ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಎಲ್ಲವೂ ಗೈಡಿನಿಂದ ಇಳಿಸಿದ್ದು. ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪನಿಗೆ ರುಜು ಹಾಕಲು ಬರುತ್ತದೆ, ಅಷ್ಟೆ. ಅಚ್ಚಾದ ಪುಸ್ತಕದ ವಾಕ್ಯಕ್ಕಿಂತ ನನ್ನ ವಾಕ್ಯ ಮೇಲಾದೀತೆಂದು ನಂಬುವ ಧೈರ್ಯ ಎಲ್ಲಿಂದ ಬರಬೇಕು? ನಾಲ್ಕು ತಂತಿಯ ಗಿಟಾರನ್ನೇ ಬಾಸ್ ಎಂದುಕೊಂಡು ವರ್ಷಗಟ್ಟಲೆ ನುಡಿಸಿದ ಹುಡುಗನ ಕಥೆ ಓದಿದಾಗ ನನಗೆ ನಗು ಬಂತು. ಆಮೇಲೆ, ಯಾಕೋ, ಧೈರ್ಯವೂ ಬಂತು. ಅವರು ಅನುಕರಣೆ ಮಾಡಿದ ವರ್ಷಗಳು ವ್ಯರ್ಥವಾಗಲಿಲ್ಲ, ಕೈ ಪಳಗಿದ್ದು ಆಗಲೇ. ಆದರೆ ಒಂದು ದಿನ ಅದನ್ನು ನಿಲ್ಲಿಸಿ, ತಮ್ಮ ಕೈಲಾಗುವಷ್ಟೇ ಚಿಕ್ಕದನ್ನು, ತಮ್ಮದನ್ನು, ನುಡಿಸಿದರು. ಅದು ಏಳೇ ನಿಮಿಷವಾದರೇನು?

ಈ ಲೇಖನವನ್ನು ನಾನು ಯಾವ ಗೈಡಿನಿಂದಲೂ ಇಳಿಸಿಲ್ಲ. ಇದರಲ್ಲಿ ದೋಷಗಳಿದ್ದರೆ ಗುರುಗಳು ತಿದ್ದಬೇಕು, ಮಿತ್ರರು ಮನ್ನಿಸಬೇಕು. ಇದು ನನ್ನ ಮೊದಲ ಪ್ಲೇಟು.